ಶ್ರುತಿಗೆ ಸೇರಿದ ಅಪ್ಪ

ನಮ್ಮೂರಿನಲ್ಲಿ ಯಾರೂ ತಾವಾಗಿ ನಿದ್ದೆಯಿಂದ ಏಳುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹಾಡಿದೆ, ಅದನ್ನು ಹಾಕಿದರೆ ಏಳುತ್ತಾರೆ, ಇಲ್ಲದಿದ್ದರೆ ಇಲ್ಲ. ಹಾಡನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಹುಟ್ಟಿದ ಮಗು ಮೊದಲ ಸಲ ನಿದ್ದೆಯಿಂದ ಕಣ್ಣು ಬಿಟ್ಟಾಗ ಆಸುಪಾಸಿನಲ್ಲಿ ಏನು ಕೇಳಿಸುತ್ತಿತ್ತೋ ಅದೇ ಅದರ ಪಾಲಿನದು. ಪುಣ್ಯವಂತರಿಗೆ ದೇವರನಾಮ ಸಿಕ್ಕಿದೆ. ಟೈಲರ್ ರುದ್ರಾಚಾರಿಗೆ ಹಲ್ಲುಪುಡಿಯ ಜಾಹೀರಾತು ಸಿಕ್ಕಿದೆ. ಜಲಜಾಕ್ಷಿ ಟೀಚರ್ ಹಳೆಯ ರೇಡಿಯೋ ಹವಾಮಾನ ವರದಿಗೆ ಏಳುತ್ತಾರೆ. ಐವತ್ತೆರಡು ವರ್ಷಗಳಿಂದ ಪ್ರತಿದಿನ ಗುಡುಗು ಸಹಿತ ಮಳೆಯಾಗಲಿದೆ ಎಂದು ಕೇಳಿಕೊಂಡೇ ಎದ್ದಿರುವುದರಿಂದ ಎಂಥ ಬಿರುಬಿಸಿಲಿನಲ್ಲೂ ಕೊಡೆ ಇಲ್ಲದೆ ಶಾಲೆಗೆ ಹೋದವರಲ್ಲ. ತನ್ನದಲ್ಲದ ಹಾಡು ಎಷ್ಟು ಜೋರಾಗಿ ಮೊಳಗಿದರೂ ಮಲಗಿದವರ ಕಿವಿಗೆ ಅದು ಬೀಳುವುದಿಲ್ಲ. ಹಾಗಾಗಿ ಇದೊಂದು ವಿಷಯದಲ್ಲಿ ಊರಿನಲ್ಲಿ ಜಗಳವಿಲ್ಲ.

ಈ ಹಾಡುಗಳನ್ನು ಹಾಕುವವಳು ನಾನು, ವಾರಿಜ. ಮದುವೆ, ನಾಮಕರಣಗಳಲ್ಲಿ ಡೀಜೆ. ಬೆಳಿಗ್ಗೆ ಐದರಿಂದ ಏಳೂವರೆಯವರೆಗೆ ಊರನ್ನು ಎಬ್ಬಿಸುವವಳು. ನಮ್ಮ ಮಹಡಿಯ ಕೋಣೆಯಿಂದ ನೀರಿನ ಟ್ಯಾಂಕಿನ ಮೇಲಿರುವ ನಾಲ್ಕು ಹಾರ್ನುಗಳಿಗೆ ವೈರ್ ಹೋಗಿದೆ. ನನಗಿಂತ ಮೊದಲು ಈ ಕೆಲಸವನ್ನು ಅಪ್ಪ ಮಾಡುತ್ತಿದ್ದ. ಊರಿಗೆಲ್ಲ ಅವನು ಮೈಕ್ ಸಿದ್ಧಲಿಂಗಣ್ಣ. ಅವನು ಗ್ರಾಮಫೋನ್ ತಟ್ಟೆಗಳಿಂದ ಕ್ಯಾಸೆಟ್ಟಿಗೆ ಬಂದಿದ್ದ, ನಾನು ಕ್ಯಾಸೆಟ್ಟಿನಿಂದ ಲ್ಯಾಪ್‌ಟಾಪಿಗೆ ಬಂದೆ. ಮುನ್ನೂರ ಹದಿನಾರು ಜನರ ಮುನ್ನೂರ ಹದಿನಾರು ಫೈಲುಗಳು. ನನ್ನದು ಮಾತ್ರ ಫೋನಿನಲ್ಲಿದೆ, ಕಿವಿಯ ಹತ್ತಿರವೇ ಇಟ್ಟುಕೊಂಡು ಮಲಗುತ್ತೇನೆ.

ನನ್ನ ಅಮ್ಮ ಹೊನ್ನಮ್ಮ ಹೊರಗಿನಿಂದ ಮದುವೆಯಾಗಿ ಬಂದವಳು. ಅಂಥವರು ಈ ಊರಿನಲ್ಲಿ ಮೊದಲ ದಿನ ಯಾವ ಸದ್ದಿಗೆ ಏಳುತ್ತಾರೋ ಅದು ಅವರಿಗೆ ಕಾಯಂ ಆಗುತ್ತದೆ. ತಿಳಿದ ಮನೆಯವರು ಹೊಸ ಸೊಸೆಯ ಮಂಚದ ಪಕ್ಕದಲ್ಲಿ ಒಳ್ಳೆಯದೊಂದು ಹಾಡು ಸಿದ್ಧ ಮಾಡಿಟ್ಟಿರುತ್ತಾರೆ. ನಮ್ಮಪ್ಪನಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮದುವೆಯ ಮಾರನೇ ಬೆಳಿಗ್ಗೆಯೇ ಬೇರೆ ಯಾರದೋ ಆರತಕ್ಷತೆಗೆ ಬಾಡಿಗೆ ಒಪ್ಪಿಕೊಂಡು, ಅಂಗಳದಲ್ಲಿ ಹಾರ್ನ್ ಇಟ್ಟುಕೊಂಡು, "ಹಲೋ, ಹಲೋ, ಮೈಕ್ ಟೆಷ್ಟಿಂಗ್, ವನ್ ಟೂ ತ್ರೀ" ಎನ್ನುತ್ತಿದ್ದ. ಅಮ್ಮ ಎದ್ದಳು. ಅಲ್ಲಿಂದಾಚೆಗೆ ಅವಳನ್ನು ಸುಪ್ರಭಾತವಾಗಲಿ ಸಿಡಿಲಾಗಲಿ ಎಬ್ಬಿಸುವಂತಿರಲಿಲ್ಲ. ಅಪ್ಪ ಆ ಟೆಷ್ಟಿಂಗನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ. ಅವನು ಹೋಗಿ ಮೂರು ವರ್ಷವಾದರೂ ಅಮ್ಮ ಐದೂವರೆಗೆ ಅವನ ದನಿಗೇ ಏಳುತ್ತಿದ್ದಳು. ಇದ್ದಾಗ ಹತ್ತು ಮಾತಾಡದ ಗಂಡಂದಿರನ್ನು ಕಟ್ಟಿಕೊಂಡಿದ್ದ ನಮ್ಮ ಬೀದಿಯ ಹೆಂಗಸರಿಗೆ ಈ ವಿಷಯದಲ್ಲಿ ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿತ್ತು.

ನಾನು ಮಾಡಿದ ಅನಾಹುತಕ್ಕೆ ಕಾರಣ ಒಂದು ಮದುವೆ. ಗಂಡಿನ ಕಡೆಯವರು ತಮ್ಮೂರಿನಿಂದಲೇ ಒಬ್ಬ ಡೀಜೆಯನ್ನು ಕರೆತಂದಿದ್ದರು. ಅವನು ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು ನನ್ನ ಹೆಡ್‌ಫೋನ್ ಹಾಕಿಕೊಂಡ. ನಾಲ್ಕು ಹಾಡು ಕೇಳಿ ತೆಗೆದಿಟ್ಟ. "ಅಕ್ಕಾ, ಇದೇನು ಮ್ಯೂಸಿಕ್ಕಾ, ಗುಜರಿ ಅಂಗಡೀನಾ? ಒಂದು ಕೂಗುತ್ತೆ, ಒಂದು ಪಿಸುಗುಟ್ಟುತ್ತೆ, ಇನ್ನೊಂದು ಅರ್ಧ ಸ್ವರ ಕೆಳಗೆ ಬಿದ್ದು ಒದ್ದಾಡ್ತಿದೆ. ಈಗ ಅದಕ್ಕೆಲ್ಲ ಸಾಫ್ಟ್‌ವೇರ್ ಬಂದಿದೆ. ಲೈಬ್ರರಿ ಪೂರ್ತಿ ಒಂದೇ ಸಲಕ್ಕೆ ಸರಿ ಮಾಡ್ಕೊಡುತ್ತೆ" ಎಂದ. ಹೆಣ್ಣಿನ ಕಡೆಯವರ ಎದುರಿನಲ್ಲೇ ಹೇಳಿದ. ನನಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಭಾನುವಾರ ಊಟ ಮುಗಿಸಿ ಆ ಸಾಫ್ಟ್‌ವೇರ್ ಹಾಕಿಕೊಂಡೆ. ಕುಣಿಯುವ ಹಾಡುಗಳು ನಾಲ್ಕು ಸಾವಿರ, ಎಬ್ಬಿಸುವ ಹಾಡುಗಳು ಮುನ್ನೂರ ಹದಿನಾರು, ಎಲ್ಲ ಒಂದೇ ಫೋಲ್ಡರಿನಲ್ಲಿದ್ದವು. ಹಳೆಯ ಫೈಲುಗಳನ್ನು ಉಳಿಸಿಕೊಳ್ಳಬೇಕೇ ಎಂದು ಅದು ಬಹಳ ಮರ್ಯಾದೆಯಿಂದಲೇ ಕೇಳಿತು. ಡಿಸ್ಕಿನಲ್ಲಿ ಎರಡನ್ನೂ ಇಡಲು ಜಾಗವಿರಲಿಲ್ಲ. ಬೇಡ ಎಂದು ಒತ್ತಿದೆ. ಅಮ್ಮ ಕೆಳಗಿನಿಂದ, "ಏನೇ ಅದು, ಫ್ಯಾನು ಹಂಗೆ ಬಡ್ಕೊಳ್ತಿದೆ?" ಎಂದು ಕೇಳಿದಳು. "ಹಾಡಿಗೆಲ್ಲ ಸ್ನಾನ ಮಾಡಿಸ್ತಿದೀನಿ ಕಣಮ್ಮ" ಎಂದೆ. ಸಂಜೆ ಐದರೊಳಗೆ ಎಲ್ಲ ಮುಗಿದಿತ್ತು. ಅಲ್ಲೊಂದು ಇಲ್ಲೊಂದು ಕೇಳಿ ನೋಡಿದೆ. ಗೀರಿಲ್ಲ, ಗೊರಗೊರವಿಲ್ಲ, ಎಲ್ಲವೂ ಸಮನಾದ ಸದ್ದಿನಲ್ಲಿ, ಶ್ರುತಿಗೆ ಸರಿಯಾಗಿ ಹಾಡುತ್ತಿದ್ದವು. ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಸೋಮವಾರ ಊರು ಎದ್ದ ರೀತಿಯೇ ಬೇರೆ. ದಿನಾ ಮುಖ ಗಂಟು ಹಾಕಿಕೊಂಡು ಏಳುತ್ತಿದ್ದ ರುದ್ರಾಚಾರಿ ನಗುತ್ತ ಎದ್ದನಂತೆ. ಹೆದರಿದ ಅವನ ಹೆಂಡತಿ ದೃಷ್ಟಿ ತೆಗೆದಳು. ಜಲಜಾಕ್ಷಿ ಟೀಚರ್ ಕೊಡೆ ಮರೆತು ಶಾಲೆಗೆ ಹೋದರು, ಅರ್ಧ ದಾರಿಯಲ್ಲಿ ನಿಂತು ಕೈ ನೋಡಿಕೊಂಡರು. ಹೆಚ್ಚಿನವರಿಗೆ ತಿದ್ದಿದ ಹಾಡು ಹಳೆಯದಕ್ಕೆ ಸಾಕಷ್ಟು ಹತ್ತಿರವೇ ಇತ್ತು. ಮೂವರು ಮಾತ್ರ ಏಳಲಿಲ್ಲ. ಒಬ್ಬರ ಮನೆಯ ಅಟ್ಟದಲ್ಲಿ ಹಳೆಯ ತಟ್ಟೆ ಸಿಕ್ಕಿತು, ಇನ್ನೊಬ್ಬರ ಮಗಳು ತನ್ನ ಫೋನಿನಲ್ಲಿ ಹಾಡು ಇಟ್ಟುಕೊಂಡಿದ್ದಳು. ಇಬ್ಬರೂ ಮಧ್ಯಾಹ್ನದೊಳಗೆ ಎದ್ದು ನನಗೆ ಚೆನ್ನಾಗಿ ಬೈದರು. ಮೂರನೆಯವಳು ನಮ್ಮಮ್ಮ.

ಐದೂವರೆಗೆ ಅವಳ ಫೈಲನ್ನು ಒತ್ತಿ, ಎಂದಿನಂತೆ ಕಾಫಿಗೆ ನೀರಿಡಲು ಕೆಳಗಿಳಿದಿದ್ದೆ. ನೀರು ಕುದಿಯಿತು, ಡಿಕಾಕ್ಷನ್ ಇಳಿಯಿತು, ಅಮ್ಮ ಬರಲಿಲ್ಲ. ಮೇಲೆ ಹೋಗಿ ಮೊದಲ ಸಲ ಆ ಫೈಲನ್ನು ಪೂರ್ತಿ ಕೇಳಿದೆ. ಅಪ್ಪನ ಕೆಮ್ಮು ಹೋಗಿತ್ತು. ಹಾರ್ನಿನ ಕುಂಯ್ ಎನ್ನುವ ಶಿಳ್ಳೆ ಹೋಗಿತ್ತು. ಎರಡು ಹಲೋಗಳಲ್ಲಿ ಒಂದು ಷಡ್ಜದಲ್ಲಿ, ಇನ್ನೊಂದು ಪಂಚಮದಲ್ಲಿ ಬಂದು ಕೂತಿದ್ದವು. ಭಜನೆಯಲ್ಲಿ ಬಾಯಿ ತೆಗೆದರೆ ಪಕ್ಕದವರು ಮೊಣಕೈಯಿಂದ ತಿವಿಯುತ್ತಿದ್ದ ನಮ್ಮಪ್ಪ, ಸತ್ತ ಮೂರು ವರ್ಷಕ್ಕೆ ಶ್ರುತಿಗೆ ಸೇರಿದ್ದ.

ಹಳೆಯ ಕ್ಯಾಸೆಟ್ ಇರಲಿಲ್ಲ. ಅಪ್ಪ ಪ್ರತಿಯೊಬ್ಬರದನ್ನೂ ಎರಡೆರಡು ಮಾಡಿ ಇಟ್ಟಿದ್ದ, ಅದಕ್ಕೆ ಕಾರಣವೂ ಇತ್ತು. ನಾನು ಚಿಕ್ಕವಳಿದ್ದಾಗ ಬೀಡಾ ಅಂಗಡಿ ಚೌಡಪ್ಪನ ಅಣ್ಣನ ತಟ್ಟೆ ಒಡೆದುಹೋಗಿತ್ತು. ಅಂಥದ್ದೇ ಹಾಡನ್ನು ಊರೂರು ಹುಡುಕಿ ತರುವುದರೊಳಗೆ ಹನ್ನೊಂದು ದಿನವಾಯಿತು. ಹನ್ನೊಂದನೇ ದಿನ ಆ ಮನುಷ್ಯ ಮಲಗಿದ್ದಲ್ಲೇ ಹೋಗಿದ್ದ. ಎಷ್ಟು ಹೊತ್ತಿಗೆ ಹೋದ ಎಂಬುದು ಪಕ್ಕದಲ್ಲಿ ಕೂತವರಿಗೂ ತಿಳಿಯಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಎಲ್ಲ ಲ್ಯಾಪ್‌ಟಾಪಿಗೆ ಬಂದಾಯಿತಲ್ಲ ಎಂದು ಕ್ಯಾಸೆಟ್ಟುಗಳನ್ನು ಮೂಟೆ ಕಟ್ಟಿ ಹಿತ್ತಲಿಗೆ ಹಾಕಿದವಳು ನಾನು. ಅವುಗಳ ರೀಲು ಬಿಚ್ಚಿ, ಹಕ್ಕಿ ಬರದಿರಲೆಂದು ಅವರೆ ಪಾತಿಯ ಸುತ್ತ ಕಟ್ಟಿದವಳು ಅಮ್ಮ. ಬಿಸಿಲಿಗೆ ಸುಕ್ಕಾಗಿ ಗಾಳಿಗೆ ಬರ್ ಬರ್ ಎನ್ನುತ್ತಿದ್ದ ಆ ರೀಲುಗಳ ನಡುವೆ ನಿಂತು ನಾನು ಅತ್ತೆ. ಅದರಲ್ಲಿ ಯಾವುದು ಅಪ್ಪ ಎಂದು ಹೇಗೆ ಹುಡುಕುವುದು?

ಡಾಕ್ಟರ್ ಬಂದು ಗ್ಲೂಕೋಸ್ ಹಾಕಿದರು. "ಇವರಿಗೆ ಕಾಯಿಲೆ ಏನೂ ಇಲ್ಲ. ಹಾಡು ತನ್ನಿ" ಎಂದು ಹೋದರು.

ಮಂಗಳವಾರ ಊರಿನವರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. ಸಿದ್ಧಲಿಂಗಣ್ಣನ ದನಿ ತೆಗೆಯಬಲ್ಲೆ ಎನ್ನುವವರು ಹದಿನಾಲ್ಕು ಜನ ಮುಂದೆ ಬಂದರು. ಅಪ್ಪನ ಹಳೆಯ ಮೈಕಿನ ಮುಂದೆ ಸರದಿಯಲ್ಲಿ ನಿಂತು ಒಬ್ಬೊಬ್ಬರೂ ಟೆಷ್ಟಿಂಗ್ ಎಂದರು. ಕೆಲವರು ಕೆಮ್ಮಿದರು. ರುದ್ರಾಚಾರಿಯದು ಎಷ್ಟು ಕರಾರುವಾಕ್ಕಾಗಿತ್ತೆಂದರೆ ನನಗೆ ಮೈ ಜುಮ್ಮೆಂದಿತು. ಕೊನೆಯಲ್ಲಿ ಅಪ್ಪನ ಹಾಗೆಯೇ ಮೈಕನ್ನು ಎರಡು ಸಲ ಊದಿದ. ಅಮ್ಮ ಅತ್ತ ಮಗ್ಗುಲಾದಳು, ಅಷ್ಟೆ. "ಇನ್ನೊಂಚೂರು ಮೂಗಲ್ಲಿ ಬರ್ಬೇಕು" ಎಂದು ಯಾರೋ ಸಲಹೆ ಕೊಟ್ಟರು. ಮೂಗಿನಲ್ಲೂ ಆಯಿತು. ಸಂಜೆಯ ಹೊತ್ತಿಗೆ ಎಲ್ಲರ ಗಂಟಲೂ ಕಟ್ಟಿ, ಅವರವರ ಮನೆಗೆ ಹೋದರು.

ಬುಧವಾರ ಬೆಳಿಗ್ಗೆ ಊರನ್ನು ಎಬ್ಬಿಸಿ ಮುಗಿಸಿ, ಲ್ಯಾಪ್‌ಟಾಪಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಕಣ್ಣಿಗೆ ಬಿತ್ತು: ಸಾಫ್ಟ್‌ವೇರ್ ಪ್ರತಿ ಫೈಲಿಗೂ ಒಂದೊಂದು ವರದಿ ಬರೆದಿಟ್ಟಿತ್ತು. ಅಮ್ಮನದನ್ನು ತೆಗೆದೆ. ಶಿಳ್ಳೆ ಎರಡು, ತೆಗೆಯಲಾಗಿದೆ. ಕೆಮ್ಮು ನಾಲ್ಕು, ತೆಗೆಯಲಾಗಿದೆ. ಶ್ರುತಿ ತಿದ್ದಲಾಗಿದೆ. ಕಟ್ಟಕಡೆಗೆ, ಹಿನ್ನೆಲೆ ಮಾತು ಒಂದು, ಮೂರು ಸೆಕೆಂಡ್, ತೆಗೆಯಲಾಗಿದೆ.

ಅದರಲ್ಲಿ ಇನ್ನೊಂದು ಮಾತಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಕ್ಯಾಸೆಟ್ಟಿನಿಂದ ಇಳಿಸಿಕೊಳ್ಳುವಾಗ ಒಂದೇ ದಿನ ನೂರಾರು ಹಾಡು ಇಳಿಸುವುದಿತ್ತು, ಕೂತು ಕೇಳಿರಲಿಲ್ಲ. ಆಮೇಲೆ ದಿನಾ ಒತ್ತಿ ಕೆಳಗಿಳಿಯುತ್ತಿದ್ದೆ, ಒಲೆಯ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು. ಮಲಗಿದ ಊರಿಗಂತೂ ಕೇಳಿಸುತ್ತಿರಲಿಲ್ಲ. ಅಪ್ಪ ರೆಕಾರ್ಡ್ ಮಾಡಿದ ಕಾಲದಲ್ಲಿ ನಮ್ಮ ಅಂಗಳದಲ್ಲಿ ಯಾರು ಮಾತಾಡಿರಬಹುದು? ಅಜ್ಜಿ ಇಲ್ಲ, ಅತ್ತೆಯರಿಲ್ಲ. ಬೀದಿಯಲ್ಲಿ ಆ ಕಾಲದವರೆಂದು ಉಳಿದಿದ್ದವಳು ಒಬ್ಬಳೇ, ಎದುರುಮನೆಯ ಪುಟ್ಟತಾಯಮ್ಮ. ಅವಳಿಗೂ ಅಮ್ಮನಿಗೂ ಎಂಟು ವರ್ಷಗಳಿಂದ ಮಾತಿಲ್ಲ.

ಅದು ಒಂದು ಸ್ಟೀಲ್ ಡಬರಿಯ ಕಥೆ. ಅವಳ ಮನೆಯಿಂದ ನಮ್ಮ ಮನೆಗೆ ಪಾಯಸ ತಂದ ಡಬರಿಯೋ, ನಮ್ಮ ಮನೆಯಿಂದ ಅವಳ ಮನೆಗೆ ಸಾರು ಹೋಗಿದ್ದ ಡಬರಿಯೋ, ಅಂತೂ ಪಾತ್ರೆಗೆ ಹೆಸರು ಕೊರೆಯುವವನು ಬೀದಿಗೆ ಬಂದ ದಿನ ಅದು ನಮ್ಮಲ್ಲಿತ್ತು, ಅಮ್ಮ ತನ್ನ ಹೆಸರು ಕೊರೆಸಿದಳು. ತಿರುಗಿಸಿ ನೋಡಿದರೆ ಅಡಿಯಲ್ಲಿ ಪುಟ್ಟತಾಯಮ್ಮನ ಹೆಸರು ಮೊದಲೇ ಇತ್ತು. ಎರಡೂ ಹೆಸರಿನ ಆ ಡಬರಿ ಎಂಟು ವರ್ಷಗಳಿಂದ ನಮ್ಮ ಅಡುಗೆಮನೆಯಲ್ಲಿ ಬೋರಲು ಬಿದ್ದಿದೆ. ಅದರಲ್ಲಿ ಯಾರೂ ಏನೂ ಮಾಡುವುದಿಲ್ಲ.

ನಾನು ಹೋದಾಗ ಪುಟ್ಟತಾಯಮ್ಮ ಜಗುಲಿಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ತಲೆಯೆತ್ತದೆಯೇ, "ಏನೇ, ಬೀದಿ ದಾಟೋಕೆ ಮೂರು ದಿನ ಬೇಕಾಯ್ತಾ?" ಎಂದಳು.

"ದೊಡ್ಡಮ್ಮ, ಅಪ್ಪನ ಕ್ಯಾಸೆಟ್ಟಲ್ಲಿ ಇನ್ನೊಬ್ರು ಯಾರೋ ಮಾತಾಡಿದಾರೆ..."

"ಮಾತಾಡಿರೋದಲ್ಲ, ಬೈದಿರೋದು. ನಾನೇ ಬೈದಿದ್ದು."

ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು ಹೇಳಿದ್ದು ಇಷ್ಟು. ಮದುವೆಯ ಮಾರನೇ ದಿನ ಅಪ್ಪ ಟೆಷ್ಟಿಂಗ್ ಶುರು ಮಾಡಿದಾಗ ಅವಳ ಮಗುವಿಗೆ ಜ್ವರ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಂದು ಬೇಲಿಯ ಆಚೆಯಿಂದ, "ಕೇಳಿಸ್ತು ಕಣಯ್ಯಾ, ನಿಲ್ಸು ಸಾಕು!" ಎಂದು ಕಿರುಚಿದಳು. ಮರುಕ್ಷಣ ಹೊಸ ಸೊಸೆ ಬಾಗಿಲಿಗೆ ಬಂದು, ಇನ್ನೂ ನಿದ್ದೆಗಣ್ಣಿನಲ್ಲೇ, "ಯಾರದು, ನಮ್ಮನೆಯವ್ರನ್ನ ಬೈತಿರೋದು?" ಎಂದು ಸೆರಗು ಸಿಕ್ಕಿಸಿಕೊಂಡಳು.

"ಎದ್ದಿದ್ದು ನಿಮ್ಮಪ್ಪನ ದನಿಗಲ್ಲ ಕಣೇ, ನನ್ನ ಬೈಗುಳಕ್ಕೆ. ಪಾಪ, ಅವನಿಗೂ ಗೊತ್ತಿರ್ಲಿಲ್ಲ. ಬರೀ ತನ್ನ ದನಿ ರೆಕಾರ್ಡ್ ಮಾಡಿ ಹಾಕ್ದ, ಇವ್ಳು ಏಳ್ಲಿಲ್ಲ. ಎರಡನೇ ಸಲ ಹಾಕ್ದ, ಏಳ್ಲಿಲ್ಲ. ಸಪ್ಪೆ ಮೋರೆ ಹಾಕ್ಕೊಂಡು ಇಲ್ಲೇ ಬಂದು ನಿಂತ. ಪುಟ್ಟತಾಯಕ್ಕ, ಒಂದ್ಸಲ ಬಂದು ಬೈದು ಹೋಗಿ ಅಂದ. ಹೋಗಿ ಬೈದೆ, ಅದನ್ನೂ ಕ್ಯಾಸೆಟ್ಟಲ್ಲಿ ಹಿಡ್ಕೊಂಡ. ಇವ್ಳು ದಡಕ್ಕನೆ ಎದ್ಲು. ಆಮೇಲೆ ಕೈ ಮುಗ್ದು ಕೇಳ್ಕೊಂಡ, ಇದನ್ನ ಅವಳಿಗೆ ಹೇಳ್ಬೇಡಿ, ನನ್ನ ದನಿಗೇ ಏಳೋದು ಅಂತ ಅಂದ್ಕೊಂಡಿರ್ಲಿ ಅಂತ."

"ಎಂಟು ವರ್ಷ ಮಾತು ಬಿಟ್ಟಾಗ್ಲೂ ಹೇಳ್ಲಿಲ್ವಾ ದೊಡ್ಡಮ್ಮ?"

"ಡಬರಿ ಬೇರೆ, ಅದು ಬೇರೆ" ಎಂದಳು.

ಮೂರು ದಿನದಿಂದ ಯಾಕೆ ಬರಲಿಲ್ಲ ಎಂಬುದನ್ನು ಅವಳೇ ಹೇಳಿದಳು. "ಕರೀದೇ ಆ ಹೊಸ್ಲು ಹೆಂಗೆ ತುಳೀಲಿ? ಬಂದು ಊರೆಲ್ಲರ ಮುಂದೆ ಬೈದ್ರೆ ನಿಮ್ಮಪ್ಪನ ಗುಟ್ಟು ಏನಾಗ್ಬೇಕು? ಹಂಗಂತ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ನಂಗೆ." ಅವಳ ಕಣ್ಣು ನಿಜವಾಗಿಯೂ ಕೆಂಪಗಿದ್ದವು. ನಾನು ಅವಳ ಕೈ ಹಿಡಿದು ಎಬ್ಬಿಸಿದೆ.

ಬೀದಿ ದಾಟುವುದಕ್ಕೆ ಆ ಮೊಣಕಾಲಿನಲ್ಲಿ ಬಹಳ ಹೊತ್ತು ಹಿಡಿಯಿತು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು ಬಲಗಾಲಿಟ್ಟು ಒಳಗೆ ಬಂದಳು. ಅಮ್ಮನನ್ನು ನೋಡಿ, "ಏನು ಇಷ್ಟು ಸೊರಗಿದಾಳೆ" ಎಂದು ಗೊಣಗಿದಳು. ನಾನು ಮಹಡಿಗೆ ಹೋಗದೆ ಲ್ಯಾಪ್‌ಟಾಪನ್ನೇ ಕೆಳಗೆ ತಂದು ಮಂಚದ ಹತ್ತಿರ ಇಟ್ಟೆ. "ಅಪ್ಪ ಮುಗಿಸಿದ ತಕ್ಷಣ ಬೈದುಬಿಡಿ" ಎಂದೆ. ಅಪ್ಪ ಮುಗಿಸಿದ. ಪುಟ್ಟತಾಯಮ್ಮ ಗೋಡೆಯ ಮೇಲಿದ್ದ ಅವನ ಫೋಟೋವನ್ನೂ ಅದರ ಹಾರವನ್ನೂ ನೋಡಿ, "ಕೇಳಿಸ್ತು ಕಣಪ್ಪ... ಸಾಕು, ನಿಲ್ಸು" ಎಂದಳು. ಮಗುವನ್ನು ತಟ್ಟಿ ಮಲಗಿಸುವವರು ಹಾಗೆ ಹೇಳುತ್ತಾರೆ. ಅಮ್ಮ ಕದಲಲಿಲ್ಲ.

"ಜೋರಾಗಿ ಬೈಬೇಕು ದೊಡ್ಡಮ್ಮ."

"ಸತ್ತೋರನ್ನ ಹೆಂಗೇ ಬೈಲಿ? ಹಾರ ಹಾಕಿರೋ ಫೋಟೋ ಮುಂದೆ!"

ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದೆ. ಮತ್ತೆ ಹಾಕಿದೆ, ಮತ್ತೆ ಅವಳ ದನಿ ಅರ್ಧಕ್ಕೇ ಕಟ್ಟಿತು. ಮೂರನೇ ಸಲ, ನಾಲ್ಕನೇ ಸಲ. ಅಮ್ಮನ ಉಸಿರು ಒಂದೇ ಸಮನೆ ನಡೆದಿತ್ತು. ಕೈ ಮುಟ್ಟಿದರೆ ತಣ್ಣಗಿತ್ತು. ಹನ್ನೊಂದರಲ್ಲಿ ಮೂರು ಕಳೆಯಿತು ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕುತ್ತಿತ್ತು, ಬೇಡವೆಂದರೂ ಕೇಳುತ್ತಿರಲಿಲ್ಲ. ಐದನೇ ಸಲ ಒತ್ತಿದೆ. ಷಡ್ಜದಲ್ಲೊಂದು ಹಲೋ ಬಂತು. ಪಂಚಮದಲ್ಲೊಂದು ಹಲೋ ಬಂತು. ಪುಟ್ಟತಾಯಮ್ಮ ಹುಬ್ಬು ಗಂಟಿಕ್ಕಿದಳು.

"ಇದ್ಯಾರ ದನಿಯೇ ಇದು?"

"ಅಪ್ಪಂದೇ."

"ಇದಾ? ಸಿದ್ಧಲಿಂಗ ಯಾವತ್ತು ಹಿಂಗೆ ಆಕಾಶವಾಣಿಯೋರ ಥರ ಮಾತಾಡ್ದ? ಅವನ ಕೆಮ್ಮೆಲ್ಲೇ? ಟೆಷ್ಟಿಂಗ್ ಅಂತಿದ್ದ ಕಣೇ ಅವ್ನು, ಬಾಯ್ತುಂಬ! ಇದೇನಿದು ಟೆಸ್ಟಿಂಗು? ಏನ್ಮಾಡಿದೀಯೇ ಅವನ್ನ?"

"ಸರಿ ಮಾಡಿದೆ ದೊಡ್ಡಮ್ಮ" ಎಂದೆ.

"ಸರಿ ಮಾಡಿದ್ಯಾ? ನಲ್ವತ್ತು ವರ್ಷ ಆ ಕೆಮ್ಮು ಕೇಳಿದೀವಿ ನಾವು, ಒಬ್ರಾದ್ರೂ ಸರಿ ಮಾಡು ಅಂದ್ವಾ?" ಅವಳ ದನಿ ಏರುತ್ತ ಹೋಯಿತು, ಕಣ್ಣಿನಿಂದ ನೀರು ಸುರಿಯತೊಡಗಿತು. ಅಷ್ಟರಲ್ಲಿ ಫೈಲು ಮುಗಿದು ತಾನಾಗಿಯೇ ಮತ್ತೆ ಶುರುವಾಯಿತು. ಹಲೋ ಎಂದು ರಾಗವಾಗಿ ಬಂದ ಕೂಡಲೇ ಪುಟ್ಟತಾಯಮ್ಮ ಎರಡೂ ಕಿವಿ ಮುಚ್ಚಿಕೊಂಡು, ಮನೆಯ ಹೆಂಚು ಹಾರಿಹೋಗುವಂತೆ ಕಿರುಚಿದಳು.

"ಕೇಳಿಸ್ತು ಕಣಯ್ಯಾ, ನಿಲ್ಸು ಸಾಕು!"

ಮಂಚ ಕಿರ್ ಎಂದಿತು. ಅಮ್ಮ ಎದ್ದು ಕೂತು, ಗ್ಲೂಕೋಸಿನ ಪೈಪನ್ನು ಸೆರಗು ಎಂದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಯಾರದು, ನಮ್ಮನೆಯವ್ರನ್ನ ಬೈತಿರೋದು?" ಎಂದಳು.

ನಾನು ಲ್ಯಾಪ್‌ಟಾಪ್ ಮುಚ್ಚಿ ಅಮ್ಮನ ಕಾಲು ಹಿಡಿದುಕೊಂಡೆ. ಪುಟ್ಟತಾಯಮ್ಮ ಮೂಗು ಒರೆಸಿಕೊಂಡು, "ನಾನ್ಯಾಕೆ ಬೈಲಿ? ನಿನ್ನ ಗಂಡನ ದನಿಗೆ ಎದ್ದಿದೀಯ. ನಾನು ಸುಮ್ನೆ ಹೆಂಗಿದೀಯ ಅಂತ ನೋಡ್ಕೊಂಡು ಹೋಗೋಕೆ ಬಂದೆ" ಎಂದಳು.

"ಬಂದೋರು ಕೂತ್ಕೊಳ್ಳಿ ಮತ್ತೆ" ಎಂದಳು ಅಮ್ಮ, ಗೋಡೆಯ ಕಡೆ ನೋಡಿಕೊಂಡು. "ಡಬರಿ ಮಾತೆತ್ತಿದ್ರೆ ಮಾತ್ರ ನಾನು ಮತ್ತೆ ಮಲ್ಕೊಂಡ್ಬಿಡ್ತೀನಿ."

ಪುಟ್ಟತಾಯಮ್ಮ ಎತ್ತಲಿಲ್ಲ. ಕಾಫಿ ಕುಡಿದು, ಅವರೆ ಪಾತಿ ನೋಡಿ, ಹೋದಳು. ಅಂದಿನಿಂದ ಮೊದಲು ಅವಳ ಹಾಡು ಹಾಕುತ್ತೇನೆ. ಅವಳು ಮೊಣಕಾಲು ಹಿಡಿದುಕೊಂಡು ಬೀದಿ ದಾಟಿ ಬಂದು, ಶ್ರುತಿಗೆ ಸೇರಿದ ಅಪ್ಪನಿಗೆ ಬೈದು ಅಮ್ಮನನ್ನು ಎಬ್ಬಿಸುತ್ತಾಳೆ. ಅಮ್ಮ ಬಾಗಿಲಿಗೆ ಬರುವಷ್ಟರಲ್ಲಿ, ಈಗಷ್ಟೇ ಕಾಫಿಗೆ ಬಂದವಳ ಹಾಗೆ ಜಗುಲಿಯ ಮೇಲೆ ಕೂತಿರುತ್ತಾಳೆ. ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದರೆ ಬಿಡುವುದಿಲ್ಲ. "ನನ್ನೂ ಸರಿ ಮಾಡ್ಬೇಕಾ?" ಎನ್ನುತ್ತಾಳೆ.

ಆ ಬುಧವಾರ ಅವಳು ಹೋದ ಮೇಲೆ ಅಮ್ಮ ಫೋಟೋವನ್ನು ಸರಿಯಾಗಿ ತಿರುಗಿಸಿ, ಹಾರ ನೆಟ್ಟಗೆ ಮಾಡಿದಳು. ಹೇಳಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ನಾನು, "ಅಮ್ಮ, ನೀನು ಏಳ್ತಿದ್ದಿದ್ದು ಅಪ್ಪನ ದನಿಗಲ್ವಂತೆ" ಎಂದುಬಿಟ್ಟೆ.

"ಗೊತ್ತು" ಎಂದಳು ಅಮ್ಮ. "ಮೊದಲ್ನೇ ದಿನದಿಂದ್ಲೂ ಗೊತ್ತು. ಎದ್ದೋಳಿಗೆ ಯಾವ ಮಾತಿಗೆ ಎಚ್ಚರ ಆಯ್ತು ಅಂತ ಗೊತ್ತಾಗಲ್ವೇನೇ?"

"ಮತ್ತೆ ಯಾವತ್ತೂ ಹೇಳ್ಲೇ ಇಲ್ಲ?"

ಅವಳು ಸೆರಗಿನ ತುದಿಯಿಂದ ಫೋಟೋದ ಗಾಜು ಒರೆಸಿದಳು. "ದಿನಾ ಬೆಳಿಗ್ಗೆ ಮಹಡಿಯಿಂದ ಇಳಿದು ಬಂದು, ನನ್ನ ದನಿ ಕೇಳಿಸ್ತಾ ಹೊನ್ನಾ ಅಂತ ಕೇಳೋರು. ಇಲ್ಲ ಅಂತ ಹೆಂಗೆ ಹೇಳ್ಲಿ?" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ, ಬೋರಲು ಬಿದ್ದಿದ್ದ ಡಬರಿಯನ್ನು ಎತ್ತಿ ತೊಳೆದು, ಅದರಲ್ಲಿ ಅಕ್ಕಿ ನೆನೆಹಾಕಿದಳು.